ಗೇಟಿಗೆ ಹೋದ ಆಯಾ

ಜೂನ್ 3, ಸೋಮವಾರ

ಆಯಾಳ ತುಟಿಗೆ ಹೊಲಿಗೆ ಬಿದ್ದಿದೆ. ಮಕ್ಕಳಿಬ್ಬರಿಗೂ ಇಂದು ಶಾಲೆ ಶುರುವಾಯಿತು. ಇನ್ನು ವ್ಯಾನಿನವನೇ ಕರೆತರುತ್ತಾನೆ, ನೀನು ಅಡುಗೆ, ಬಟ್ಟೆ ನೋಡಿಕೊಂಡರೆ ಸಾಕು ಎಂದು ಬೆಳಿಗ್ಗೆ ಹೇಳಿದ್ದೆ.

"ಮೊದಲ್ನೇ ದಿನ ಅಲ್ವಾ ಅಕ್ಕಾ, ಇವತ್ತೊಂದಿನ ಗೇಟ್ ಹತ್ರ ಹೋಗ್ಬರ್ತೀನಿ" ಎಂದಳು. ನಾನು ಮುಖ ಸಿಂಡರಿಸಿದೆ.

ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ಅವನಿದ್ದ. ನನ್ನನ್ನು ವರ್ಷಗಟ್ಟಲೆ ಬಡಿದ, ಮಕ್ಕಳ ಹತ್ತಿರ ಸುಳಿಯಬೇಡ ಎಂದು ಕೋರ್ಟೇ ಹೇಳಿದ ಗಂಡ. ಚಿಕ್ಕವಳನ್ನು ಕಾರಿಗೆ ಎಳೆಯುತ್ತಿದ್ದನಂತೆ. ಆಯಾ ಅವನ ಕೈಯನ್ನು ರಕ್ತ ಬರುವಂತೆ ಕಚ್ಚಿದಳು. ಅವನು ಗುದ್ದಿದ. ಬಾಯಿ ಒಡೆದರೂ ಅವಳು ಬಿಡಲಿಲ್ಲ; ಮಗುವಿನ ಸ್ಟೀಲ್ ಬಾಟಲಿ ಕಿತ್ತುಕೊಂಡು ಮೂಗಿಗೇ ಬಾರಿಸಿದಳು. ಮೂಳೆ ಲಟಕ್ಕೆಂದಿತು ಎಂದ ವ್ಯಾನಿನವನು. ಆಮೇಲೆ ಪೊಲೀಸರು ಅವನನ್ನು ಎಳೆದೊಯ್ದರು.

ಆ ಲಟಕ್ ಅನ್ನು ಮತ್ತೆ ಮತ್ತೆ ಹೇಳಿಸಿಕೊಂಡೆ. ಹೊಟ್ಟೆ ತಣ್ಣಗಾಯಿತು. ಆದರೆ ಅದು ನನ್ನ ಕೈಯಿಂದಲೇ ಆಗಬೇಕಿತ್ತು. ಹಲ್ಲೂ ಉದುರಿಸಬೇಕಿತ್ತು.

ಸಂಜೆ ಊದಿದ ಬಾಯಲ್ಲೇ ಕೇಳಿದಳು: "ನಾಳೆ ಅಡುಗೆ ಏನ್ ಮಾಡ್ಲಿ ಅಕ್ಕಾ?"

"ಅಡುಗೆ ಹಾಳಾಗ್ಲಿ, ನಾನೇ ಬೇಯಿಸ್ತೀನಿ. ನೀನು ಗೇಟಿಗೆ ಹೋಗು. ದಿನಾ ಹೋಗು."

ಚಿಕ್ಕವಳು ಮಲಗಿದ್ದಾಳೆ. ತೋಳಿನ ಮೇಲೆ ಅವನ ಬೆರಳುಗಳು ನೀಲಿಗಟ್ಟಿ ಮೂಡಿವೆ. ಅವನೇನಾದರೂ ನನ್ನ ಕೈಗೆ ಸಿಕ್ಕರೆ ನಾನು ಬರೀ ಮೂಗಿಗೆ ನಿಲ್ಲಿಸುವುದಿಲ್ಲ.