ಹಿರಿಫಾರುವಿಗೆ ಸಿಕ್ಕ ಒಂದು ವರ್ಷ

ಕಾರವಾರ
ಫೆಬ್ರವರಿ ಮೂವತ್ತು, ೨೧೮೭

ನಮಗಿಂತ ಮೊದಲು ಬದುಕಿದವರಿಗೆ,

ತಾರೀಖು ತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಎಲ್ಲ ದೇಶಗಳೂ ಜಗಳವಿಲ್ಲದೆ ಒಪ್ಪಿಕೊಂಡದ್ದು ಈ ಕ್ಯಾಲೆಂಡರ್ ಒಂದನ್ನೇ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಮನ್ನಿಸಿ, ಆದಷ್ಟು ಬಿಡಿಸಿ ಹೇಳುತ್ತೇನೆ.

ನಾನು ವಾಗ್ದೇವಿ ಗಾಂವಕರ್. ರಾಷ್ಟ್ರಗಳ ಮಹಾಸಭೆಯಲ್ಲಿ ನಮ್ಮ ನಿಯೋಗದ ದುಭಾಷಿಯಾಗಿದ್ದು ಈಗ ನಿವೃತ್ತಳಾಗಿದ್ದೇನೆ. ಕಿಟಕಿ ತೆರೆದರೆ ತೇಲುನಾಡಿನ ಹಡಗುಗಳು ಕಾಣುತ್ತವೆ. ನೆಲವೆಲ್ಲ ಸಮುದ್ರದ ಪಾಲಾಗಿ ಹಡಗುಗಳ ಮೇಲೆ ಸಂಸಾರ ಹೂಡಿದ ದೇಶವನ್ನು ನಾವು ಹಾಗೆ ಕರೆಯುತ್ತೇವೆ. ಅಲ್ಲಿ ಮಕ್ಕಳಿಗೆ ಡೆಕ್ಕಿನ ಮೇಲೆಯೇ ಶಾಲೆ. ಹೆಂಗಸರು ಹಳೆಯ ಡ್ರಮ್ಮುಗಳಲ್ಲಿ ಬಸಳೆ ಹಬ್ಬಿಸುತ್ತಾರೆ. ಯಾರಾದರೂ ಸತ್ತರೆ ಹೂಳಲು ನಮ್ಮ ಊರಿನ ಅನುಮತಿ ಕೇಳುತ್ತಾರೆ. ಹಿರಿಫಾರು ಅಂಥದೊಂದು ದೇಶ.

ಅದರ ಪ್ರತಿನಿಧಿ ಆಯಿಷತ್ ಜುಹುರಾ ನಮ್ಮ ಬಂದರಿನಲ್ಲೇ ಬೆಳೆದವಳು, ಕನ್ನಡ ಸಲೀಸು. ನಾನು ಇನ್ನೂ ಕೆಲಸದಲ್ಲಿದ್ದಾಗ ಒಂದು ವರ್ಷ ಬಲಾಢ್ಯ ದೇಶಗಳು ಒಂದು ಗೊತ್ತುವಳಿ ತಂದವು: ನೆಲವಿಲ್ಲದ್ದು ದೇಶವಲ್ಲ, ದೇಶಗಳ ಪಟ್ಟಿಯಿಂದ ಹಿರಿಫಾರುವಿನ ಹೆಸರು ತೆಗೆದು ಅದರ ಕಡಲನ್ನು ಎಲ್ಲರಿಗೂ ತೆರೆಯಬೇಕು. ಆ ಕಡಲ ತಳದಲ್ಲಿ ಬ್ಯಾಟರಿಗೆ ಬೇಕಾದ ಲೋಹವಿತ್ತು. ಗೊತ್ತುವಳಿಯನ್ನು ‘ಒಪ್ಪುಮೌನ’ಕ್ಕೆ ಇಟ್ಟರು. ಅಂದರೆ ಮತದಾನವಿಲ್ಲ; ಗಂಟೆ ಬಾರಿಸುವವರೆಗೆ ಯಾರೂ ಬೇಡವೆನ್ನದಿದ್ದರೆ ಎಲ್ಲರೂ ಒಪ್ಪಿದಂತೆ. ಯಾವ ದೇಶದ ವಿಷಯವೋ ಆ ದೇಶ ಮಾತ್ರ ಬಾಯಿ ತೆರೆಯುವಂತಿಲ್ಲ.

ಜುಹುರಾ ಒಂದೊಂದೇ ನಿಯೋಗದ ಬಾಗಿಲು ತಟ್ಟಿ ಕೊನೆಗೆ ನಮ್ಮಲ್ಲಿಗೆ ಬಂದಳು. ನಮ್ಮ ಮುಖ್ಯಸ್ಥರು ಗದಗಿನ ಚನ್ನವೀರ ಹುಲಕೋಟಿ. ಸುಮ್ಮನಿರಬೇಕೆಂದು ಅವರಿಗೆ ಆಗಲೇ ಆದೇಶ ಬಂದಿತ್ತು.

“ಏನ್ ಮಾಡ್ಲಿವಾ ತಂಗಿ, ಈ ಬಾಯಿ ನಂದಲ್ಲ, ದಿಲ್ಲೀದು,” ಎಂದರು.

“ಕಿವಿ ನಿಮ್ಮದೇ ಅಲ್ವಾ ಸರ್? ಹಾಗಾದ್ರೆ ಕೇಳಿ. ನಿನ್ನೆ ನಮ್ಮ ಹಡಗಲ್ಲೊಂದು ಹೆಣ್ಣು ಮಗು ಹುಟ್ಟಿದೆ. ಅದರದ್ದು ಯಾವ ದೇಶ ಅಂತ ಬರೀಲಿ?”

ಅವಳು ನಮಸ್ಕಾರ ಹೇಳಿ ಹೋದಳು.

ಮರುದಿನ ಸಭೆಯಲ್ಲಿ ಅಧ್ಯಕ್ಷರು ಗೊತ್ತುವಳಿ ಓದಿದರು. ಎಲ್ಲರೂ ತಮ್ಮ ಮುಂದಿನ ಕಾಗದ ನೋಡುತ್ತ ಕುಳಿತರು. ಅಧ್ಯಕ್ಷರ ಕೈ ಗಂಟೆಯತ್ತ ಹೋಗುವಷ್ಟರಲ್ಲಿ ಹುಲಕೋಟಿಯವರು ಎದ್ದು ನಿಂತು “ಬ್ಯಾಡ್ರಿ” ಎಂದರು. ಕನ್ನಡದಲ್ಲೇ ಅಂದರು. ಅದನ್ನು ಸಭೆಗೆ ತಿಳಿಸಿದವಳು ನಾನು.

ಅದೇ ವಾರ ಅವರನ್ನು ವಾಪಸು ಕರೆಸಿಕೊಂಡರು. ಮತ್ತೆ ಯಾವ ಹುದ್ದೆಯನ್ನೂ ಕೊಡಲಿಲ್ಲ. ಆದರೆ ಆಕ್ಷೇಪಣೆ ಬಂದ ಗೊತ್ತುವಳಿಯನ್ನು ಒಂದು ವರ್ಷ ಮತ್ತೆ ತರುವಂತಿರಲಿಲ್ಲ. ಆ ವರ್ಷವಿಡೀ ಜುಹುರಾ ಹಡಗಿನಿಂದ ಹಡಗಿಗೆ ಅಲೆದು ತನ್ನ ಜನರಿಗೆಲ್ಲ ಪಾಸ್‌ಪೋರ್ಟ್ ಹಂಚಿದಳು. ನಮ್ಮ ಕಾಲದಲ್ಲಿ ಒಮ್ಮೆ ಕೊಟ್ಟ ಪಾಸ್‌ಪೋರ್ಟ್, ಕೊಟ್ಟ ದೇಶ ಇಲ್ಲವಾದರೂ, ಪಡೆದವರು ಬದುಕಿರುವವರೆಗೂ ನಡೆಯುತ್ತದೆ. ವರ್ಷ ತುಂಬಿದ ಮೇಲೆ ಗೊತ್ತುವಳಿ ಪುನಃ ಬಂತು. ನಮ್ಮ ಹೊಸ ಮುಖ್ಯಸ್ಥರು ಸುಮ್ಮನಿದ್ದರು. ಗಂಟೆ ಬಾರಿಸಿದರು, ಹಿರಿಫಾರುವಿನ ಬಾವುಟ ಇಳಿಸಿದರು.

ಮುಂದೆ ಗದಗಿಗೆ ಹೋದಾಗ ಹುಲಕೋಟಿಯವರನ್ನು ಕಂಡೆ. ಬಹಳ ಸೊರಗಿದ್ದರು.

“ಆ ಕೂಸಿಗೆ ಪಾಸ್‌ಪೋರ್ಟ್ ಸಿಕ್ಕತೇನವಾ?” ಎಂದು ಕೇಳಿದರು.

“ಸಿಕ್ತು ಸರ್.”

“ಸಾಕ್ ಬಿಡು,” ಎಂದು ದಿಂಬಿಗೆ ಒರಗಿದರು.

ನನಗೆ ಮಾತ್ರ ಸಾಕೆನಿಸಲಿಲ್ಲ. ಬಾವುಟ ಇಳಿದ ಮೇಲೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲ, ಅವರು ಯಾವ ಬಂದರಿನಲ್ಲೂ ಇಳಿಯುವಂತಿಲ್ಲ. ಅವರೂ ಈಗ ದೊಡ್ಡವರಾಗಿದ್ದಾರೆ. ಅವರ ಪರವಾಗಿ ಮನವಿ ಬರೆದು ಬರೆದು ನನಗೆ ದಣಿವಾಗಿದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಕಾಲದಲ್ಲಿ ಹಿರಿಫಾರುವಿನ ದ್ವೀಪಗಳು ಇನ್ನೂ ನೀರಿನ ಮೇಲಿವೆ. ನೆಲ ಹೋದರೆ ದೇಶ ಉಳಿಯುತ್ತದೆಯೇ ಎಂದು ನೀವು ಸಮ್ಮೇಳನಗಳಲ್ಲಿ ಚರ್ಚಿಸಿ, ಚಹಾ ಕುಡಿದು, ಮುಂದಿನ ಸಲಕ್ಕೆ ಹಾಕುತ್ತಿದ್ದೀರಿ. ದಯವಿಟ್ಟು ಹಾಕಬೇಡಿ. ಆ ಜನ ತಮ್ಮ ಮನೆಯಂಗಳದಲ್ಲಿ ನಿಂತು ಕೇಳುತ್ತಿರುವಾಗಲೇ, ಉಳಿಯುತ್ತದೆ ಎಂದು ಬರೆದು ಸಹಿ ಮಾಡಿ. ಹಡಗಿನಿಂದ ಕೂಗಿದ್ದು ದಡಕ್ಕೆ ಸರಿಯಾಗಿ ಕೇಳಿಸುವುದಿಲ್ಲ.

ನಿಮ್ಮ ನಂತರದವಳು,
ವಾಗ್ದೇವಿ