ಕೆಂಪು ಪೆಟ್ಟಿಗೆಯಲ್ಲಿ ಸುಳ್ಳು ಸೂಜಿ ಇಟ್ಟವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಟಾಸ್ಮೇನಿಯಾದ ಅರ್ಧ ಕಾಡನ್ನು ಒಂದೇ ಕೊಡಲಿಯಲ್ಲಿ ಉರುಳಿಸಿ, ಉಳಿದರ್ಧವನ್ನು ಹೋಗಲಿ ಪಾಪ ಎಂದು ಬಿಟ್ಟವನು ನಾನು. ಅಂಥವನ ಕೈಗೆ ನೀವು ಸೂಜಿಯಿಲ್ಲದ, ಔಷಧಿಯಿಲ್ಲದ ಇಂಜೆಕ್ಷನ್ ಪೆನ್ನೊಂದನ್ನು ಕೊಟ್ಟಿರಿ. ಅದನ್ನು ನಂಬಿ ಕೂತದ್ದಕ್ಕೆ ನನ್ನ ತಂಗಿಯ ಮಗಳು ರೋವೆನಾ ಈಗ ಇಲ್ಲ.

ನಿಮ್ಮ ಕಚೇರಿಯವರು ನಮ್ಮೂರ ಸಭಾಭವನಕ್ಕೆ ಬಂದು, ಅಲರ್ಜಿಯಿಂದ ಉಸಿರು ಕಟ್ಟಿದವರ ತೊಡೆಗೆ ಅಡ್ರಿನಲಿನ್ ಚುಚ್ಚುವುದನ್ನು ಅಭ್ಯಾಸದ ಪೆನ್ನಿನಲ್ಲಿ ಕಲಿಸಿದರು. ಒಬ್ಬರ ತೊಡೆಗೊಬ್ಬರು ಒತ್ತಿ, ಟಕ್ ಎನ್ನಿಸಿ ನಕ್ಕೆವು. ಹೋಗುವಾಗ ಗೋಡೆಗೊಂದು ಕೆಂಪು ಪೆಟ್ಟಿಗೆ ಬಡಿದು, ಆ ಪೆನ್ನನ್ನೇ ಅದರಲ್ಲಿಟ್ಟು, ಅಸಲಿಯದು ಟಪಾಲಿನಲ್ಲಿ ಬರುತ್ತದೆ ಎಂದರು. ಪೆಟ್ಟಿಗೆಯ ಮೇಲೆ ‘ತುರ್ತು ಅಡ್ರಿನಲಿನ್’ ಎಂದು ಎಷ್ಟು ದಪ್ಪಕ್ಷರ! ಊರ ಶಾಲೆಯ ಹಿಂದಿನ ಬೆಂಚಿನ ನಾನೂ ಓದಿಬಿಟ್ಟೆ. ಅಸಲಿಯದು ಬಂದಿರಬೇಕು, ಯಾರೋ ಇಟ್ಟಿರಬೇಕು ಎಂದುಕೊಂಡೆವು. ನಮ್ಮೂರಿನ ಜನಸಂಖ್ಯೆ ಸಾಲದೆಂದು ನೀವು ಕಳಿಸಲೇ ಇಲ್ಲವೆಂಬುದು ಗೊತ್ತಾದದ್ದು ಹೆಣ ಮಣ್ಣಿಗಿಟ್ಟ ಮೇಲೆ. ಅವಳನ್ನು ಕೊಂದ ಇರುವೆಗಳೂ ಜನಗಣತಿ ನೋಡಿಯೇ ಕಚ್ಚುತ್ತವೆಯೇ, ಸ್ವಾಮಿ?

ಚಳಿ ಹಿಡಿಯುವ ಮುಂಚೆ ಊರವರೆಲ್ಲ ಭವನದ ಅಂಗಳದಲ್ಲಿ ಸೇರಿ, ಕೈಲಾಗದ ಮುದುಕರ ಒಲೆಗಳಿಗೆ ಸೌದೆ ಸೀಳಿಕೊಡುವುದು ನಮ್ಮ ಪದ್ಧತಿ. ಅಂದು ರೋವೆನಾ ಎತ್ತಿದ ದಿಮ್ಮಿಯಡಿ ಜ್ಯಾಕ್‌ಗಳಿದ್ದವು, ನೆಗೆದು ಕಚ್ಚುವ ಕರಿ ಇರುವೆಗಳು.

"ಮಾಮಾ, ಜ್ಯಾಕ್ ಕಚ್ತು!"

"ಒಂದು ಇರುವೆಗೆ ಇಷ್ಟು ಕುಣೀತೀಯಲ್ಲೇ! ಕೊಡಲಿ ಕೆಳಗಿಡೋಕೆ ನೆಪ ಬೇಕಿತ್ತಾ?"

"ನಿನ್ನ ಕೊಡಲಿ ಮೊಂಡು, ಬಾಯಿ ಮಾತ್ರ ಹರಿತ" ಎಂದು ನಕ್ಕಳು.

ಚಿಕ್ಕಂದಿನಿಂದ ಎಷ್ಟೋ ಸಲ ಕಚ್ಚಿಸಿಕೊಂಡವಳು. ಊದಿ ಇಳಿಯುತ್ತಿತ್ತು, ಅಷ್ಟೆ. ಈ ಸಲ ತುಟಿ ದಪ್ಪವಾಯಿತು, ದನಿ ಗೊಗ್ಗರಾಯಿತು. ಪಕ್ಕದ ಮನೆಯ ಬೆರಿಲ್ ಓಡಿ ಹೋಗಿ ಪೆಟ್ಟಿಗೆಯ ಪೆನ್ನು ತಂದಳು.

"ಒತ್ತೋ ಕ್ಲೆಮ್, ತೊಡೆಗೆ ಒತ್ತೋ! ಬಡಾಯಿ ಕೊಚ್ಚಿದ್ದು ಸಾಕು!"

ಒತ್ತಿದೆ. ಟಕ್ ಎಂದಿತು.

"ಆಯ್ತಾ ಮಾಮಾ?"

"ಆಯ್ತು ಕಣಮ್ಮ. ಇನ್ನೇನು ಹೆದರಬೇಡ."

ಬಿಗಿಹಿಡಿದಿದ್ದ ನನ್ನ ಕೈಯನ್ನು ಆಗ ಅವಳು ಸಡಿಲ ಬಿಟ್ಟಳು. ಔಷಧಿ ಹತ್ತಲೆಂದು ನಾವೆಲ್ಲ ಸುತ್ತ ಕೂತೆವು. ಯಾವ ಔಷಧಿ? ತೊಡೆಯ ಮೇಲೆ ರಕ್ತದ ಚುಕ್ಕೆಯೇ ಇಲ್ಲವೆಂದು ಬೆರಿಲ್ ಕೂಗಿಕೊಳ್ಳುವಷ್ಟರಲ್ಲಿ ರೋವೆನಾಳಿಗೆ ಮಾತು ನಿಂತಿತ್ತು. ಫೋನ್ ಮಾಡಿದರೆ ಆಂಬುಲೆನ್ಸ್ ಬರಲು ಗಂಟೆ ಬೇಕೆಂದರು. ನನ್ನ ಟ್ರಕ್ಕಿನಲ್ಲಿ ಮಲಗಿಸಿಕೊಂಡು ಹೊರಟೆ. ಆಸ್ಪತ್ರೆ ಕಾಣುವ ಮೊದಲೇ ಉಸಿರೂ ನಿಂತಿತು.

ಏನೂ ಇಲ್ಲದ ಖಾಲಿ ಗೋಡೆಯಾಗಿದ್ದರೆ ಕೂಡಲೇ ಹೊರಡುತ್ತಿದ್ದೆವು. ನಮ್ಮನ್ನು ಕೂರಿಸಿದ್ದು ನಿಮ್ಮ ಪೆಟ್ಟಿಗೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಮುಂದಿನ ಸೌದೆ ಕೆಲಸಕ್ಕೆ ಮೊದಲು, ಆಂಬುಲೆನ್ಸ್ ದೂರವಿರುವ ಪ್ರತಿ ಊರ ಭವನಕ್ಕೂ ಅಸಲಿ ಅಡ್ರಿನಲಿನ್ ಕಳಿಸಿ, ಅವಧಿ ಮುಗಿಯುವ ಮುನ್ನ ಬದಲಿಸಿ. ಅದಾಗದಿದ್ದರೆ ಬಂದು ಪೆಟ್ಟಿಗೆ ಕಿತ್ತುಕೊಂಡು ಹೋಗಿ.

ಪರಿಹಾರಕ್ಕಾಗಿ ನಷ್ಟದ ಮೊತ್ತ ತಿಳಿಸಿರೆಂದು ಕೇಳಿದ್ದೀರಿ. ಹತ್ತು ಲಕ್ಷ ಡಾಲರ್ ಕಕ್ಕಿಸುತ್ತೇನೆಂದು ಪಬ್ಬಿನಲ್ಲಿ ಎದೆ ತಟ್ಟಿದ್ದೆ. ನಿಜ ಹೇಳಬೇಕೆಂದರೆ ನನ್ನ ಜೇಬಿನಿಂದ ಹೋದದ್ದು ನಲವತ್ತೆರಡು ಡಾಲರ್, ಆಸ್ಪತ್ರೆಗೆ ಹೋಗಿಬಂದ ಪೆಟ್ರೋಲಿಗೆ. ಬರುವಾಗ ಒಬ್ಬನೇ ಬಂದೆ.

ಇಂತಿ,
ಈಗ ಯಾರಿಗೂ ಮಾಮನಲ್ಲದ
ಕ್ಲೆಮ್ ಬಾಡ್ಲಿ