ಹೋತ ಕೆಡವಿದ್ದು ಯಾರನ್ನ?

ಬಾಗಳಿ
೧೯-೨-೨೦೨೬, ಗುರುವಾರ

ಮಾವನ ಫೋನ್ ಕಟ್ ಮಾಡುವ ಸೊಸೆ ಗೀತಾಂಜಲಿಗೆ,

ನಿನ್ನ ಸೋದರಮಾವ ಜಂಬುನಾಥನ ಆಶೀರ್ವಾದ. ಪಕ್ಕದಲ್ಲಿ ಮಲಗಿರುವ ಪುಟ್ಟ ಮಹಾರಾಣಿಗೆ ಅದರ ಎರಡರಷ್ಟು.

ನಿನ್ನೆ ಫೋನ್ ಮಾಡಿದರೆ ‘ನಾಳಿ ಬಾ’ ಅಂದು ಪಟ್ಟನೆ ಕಟ್ ಮಾಡಿದೆ. ಇವತ್ತು ಮಾಡಿದರೂ ಅದೇ. ಹೆತ್ತು ಇನ್ನೂ ವಾರ ಆಗಿಲ್ಲ, ಆಗಲೇ ಸೇಡು ಶುರು! ಇರಲಿ. ಆ ಮಾತನ್ನು ಅಷ್ಟು ಜೋರಾಗಿ ಅಂದೆಯಲ್ಲ, ಮೈಯಲ್ಲಿ ಕಸುವು ಬಂದಿದೆ ಅಂತ ನನ್ನ ಎದೆ ಹಗುರಾಯಿತು. ಅದಕ್ಕೇ ಈ ಕಾಗದ. ನಿಮ್ಮವ್ವ ತರುವ ಬುತ್ತಿಯ ಗಂಟಿನಲ್ಲಿ ಇಟ್ಟು ಕಳಿಸಿದ್ದೇನೆ. ಇದಕ್ಕೆ ಕಟ್ ಮಾಡುವ ಬಟನ್ ಇಲ್ಲ. ಅಲ್ಲದೆ ದನಿ ಕದಿಯುವ ಯಂತ್ರ ಬಂತು, ಮುಖ ಕದಿಯುವ ಯಂತ್ರವೂ ಬಂತು, ನನ್ನ ಅಕ್ಷರ ಕದಿಯುವ ಯಂತ್ರ ಇನ್ನೂ ಹುಟ್ಟಿಲ್ಲ. ನಾನು ಬರೆದದ್ದನ್ನು ಮರುದಿನ ನಾನೇ ಓದಲಾರೆ, ಇನ್ನು ಯಂತ್ರದ ಪಾಡೇನು!

ಸೋಮವಾರ ಏನಾಯಿತು ಅಂತ ತಿಪ್ಪೇಶ ನಿನಗೆ ಹೇಳಿರುತ್ತಾನೆ. ನಿನ್ನ ಗಂಡ ಒಳ್ಳೆಯ ಹುಡುಗ, ಆದರೆ ಕಥೆ ಕಟ್ಟಿ ಹೇಳಲು ಬಾರದು. ನನ್ನ ಬಾಯಿಂದ ಕೇಳು.

ನಾನು ದೊಡ್ಡ ಫೋನ್ ತಗೊಂಡ ಮೇಲೆ ಪಕ್ಕೀರಪ್ಪನ ಚಾದಂಗಡಿಗೆ ಪೇಪರ್ ಬರುವುದು ನಿಂತಿದೆ. ಬೆಳಿಗ್ಗೆ ನಾನು ಹೋಗಿ ಬೆಂಚಿನ ಮೇಲೆ ಕೂತರೆ ಅದೇ ಪೇಪರ್. ಕಂಪ್ಯೂಟರ್ ಪಾಠ ಮಾಡುವವಳು ನೀನಾದರೂ, ಊರಿಗೆ ಅದನ್ನು ಬಿಡಿಸಿ ಹೇಳುವವನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನೇ. ಹೊಸ ಫೋನಿಗೆ ಹಿಂದೆ ನಾಲ್ಕನೇ ಕ್ಯಾಮೆರಾ ಬಂದಿದೆ ಅಂದಾಗ, ‘ನಮ್ಮ ಮೈಲಾರಲಿಂಗಗೂ ಅಷ್ಟು ಕಣ್ಣಿಲ್ಲಲೇ’ ಅಂದೆ. ಡ್ರೈವರ್ ಇಲ್ಲದ ಕಾರು ಬಂತಂತೆ ಅಂದಾಗ ಪಕ್ಕೀರಪ್ಪ, ‘ನಮ್ಮಪ್ಪ ಸಂತ್ಯಾಗ ಕುಡದು ಗಾಡ್ಯಾಗ ಮಲಕೊಂತಿದ್ದ, ಎತ್ತು ತಾವ ಮನಿ ಮುಟ್ಟಸ್ತಿದ್ವು. ಅದಕ್ಯಾರು ಪೇಪರಿನ್ಯಾಗ ಹಾಕ್ಲಿಲ್ಲ’ ಅಂದ. ಏನು ಕೇಳಿದರೂ ಉತ್ತರ ಹೇಳುವ ಎಐ ಅನ್ನೂ ಪರೀಕ್ಷೆ ಮಾಡಿದ್ದೇನೆ. ಕುರಿ ಮೇವು ಬಿಟ್ಟಿದೆ, ಏನು ಮಾಡಲಿ ಅಂತ ಕೇಳಿದರೆ ಪುರಾಣದಷ್ಟು ಉದ್ದ ಬರೆದು ಕೊನೆಗೆ ‘ಪಶುವೈದ್ಯರಿಗೆ ತೋರಿಸಿ’ ಅಂದಿತು. ಮೈಲಾರದ ಜಾತ್ರೆಯಲ್ಲಿ ಕಾರ್ಣಿಕದ ಗೊರವಯ್ಯ ವರ್ಷಕ್ಕೆ ಒಂದೇ ಮಾತು ಭವಿಷ್ಯ ನುಡಿದು ಸುಮ್ಮನಾಗುತ್ತಾನೆ, ಅರ್ಥ ಮಾಡಿಕೊಳ್ಳಲು ನಮಗೆ ವರ್ಷ ಸಾಲುವುದಿಲ್ಲ. ಇದು ಅಷ್ಟೆಲ್ಲ ನುಡಿದರೂ ಅರ್ಥ ಮಾಡಿಕೊಳ್ಳಲು ಏನೂ ಇಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ಹೋದ ವಾರ ದನಿ ಕದಿಯುವ ಸುದ್ದಿ ಓದಿದೆ. ಮಗನ ದನಿಯಲ್ಲೇ ಯಂತ್ರ ಮಾತಾಡಿ ಅಪ್ಪನಿಗೆ ಮೋಸ ಮಾಡುತ್ತದಂತೆ ಅಂದೆ. ಎಲ್ಲರೂ ಬಾಯಿ ಬಿಟ್ಟರು. ಬೆಂಚಿನ ತುದಿಯಲ್ಲಿ ಕೂತಿದ್ದ ನಿಮ್ಮಜ್ಜಿ ಹಂಪಕ್ಕ ಮಾತ್ರ ನಕ್ಕಳು. ‘ಇದೇನು ಹೊಸಾದೇನೋ? ನಾ ಸಣ್ಣಾಕಿ ಇದ್ದಾಗ ದೆವ್ವ ಬಂದು ಅವ್ವನ ದನ್ಯಾಗ ಬಾಗಲದಾಗ ನಿಂತು ಕರೀತಿತ್ತು. ಓ ಅಂದ್ರ ಮುಗೀತು. ಅದಕ್ಕ ಬಾಗಲಕ್ಕ ನಾಳಿ ಬಾ ಅಂತ ಬರೀತಿದ್ವಿ. ದೆವ್ವ ಎರಡು ಸಲ ಕರೀತೈತಿ, ಮೂರನೇ ಸಲ ಕರದ್ರ ಮನುಷಾರು’ ಅಂದಳು.

ನನಗೆ ತಲೆಯಲ್ಲಿ ದೀಪ ಹತ್ತಿತು. ಅಲ್ಲೇ ಕಾನೂನು ಮಾಡಿದೆ: ಗೊತ್ತಿಲ್ಲದ ನಂಬರಿನಿಂದ ನಮ್ಮವರ ದನಿ ಬಂದರೆ ಎರಡು ಸಲ ‘ನಾಳಿ ಬಾ’ ಅಂದು ಕಟ್ ಮಾಡಬೇಕು, ಮೂರನೇ ಸಲ ಬಂದರೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಬೇಕು. ಊರೆಲ್ಲ ತಲೆದೂಗಿತು. ಈ ಉಪಾಯ ದೊಡ್ಡ ದೊಡ್ಡ ಕಂಪನಿಯವರಿಗೂ ಹೊಳೆದಿರಲಿಕ್ಕಿಲ್ಲ ಅಂತ ನಾನು ಹೇಳಿಕೊಂಡದ್ದೂ ಹೌದು.

ಸೋಮವಾರ ಬಿಸಿಲು ಏರಿದ ಹೊತ್ತಿಗೆ ಗೊತ್ತಿಲ್ಲದ ನಂಬರು. ತಿಪ್ಪೇಶನ ದನಿ. ‘ಮಾವಾರೆ, ಗೀತಾಗ ಆಪರೇಷನ್ ಮಾಡ್ಬೇಕಂತ್ರಿ. ರಕ್ತ ತಯಾರಿಟ್ಕೊರಿ ಅಂತಾರ, ನಿಮ್ದಾ ಗುಂಪು, ಲಗೂನ ಬರ್ರಿ’ ಅಂದ. ನಾನು ‘ನಾಳಿ ಬಾ’ ಅಂದೆ. ಕಟ್ ಮಾಡಿ, ‘ನೋಡ್ರಪಾ, ಇಷ್ಟ್ ದಿನ ಓಟಿಪಿ ಕೇಳ್ತಿದ್ರು, ಈಗ ರಕ್ತಾನ ಕೇಳಾಕ ಹತ್ಯಾರ’ ಅಂದೆ. ಅಂಗಡಿಯೇ ನಕ್ಕಿತು. ಮತ್ತೆ ಬಂತು. ಮತ್ತೆ ‘ನಾಳಿ ಬಾ’. ಅವನ ಫೋನಿನಲ್ಲಿ ಚಾರ್ಜ್ ಹೋಗಿ ನರ್ಸಮ್ಮನ ಫೋನ್ ಇಸಕೊಂಡಿದ್ದಾನೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ಮೂರನೇ ಸಲ ಬಂದಾಗ ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ‘ನೀ ಖರೇ ತಿಪ್ಪೇಶ ಆಗಿದ್ರ ಹೇಳು, ನಮ್ಮ ಕರೇ ಹೋತ ತಿಪ್ಯಾಗ ಕೆಡವಿದ್ದು ಯಾರನ್ನ?’ ಅಂದೆ.

ಆ ಹೋತದ ಕಥೆ ನಿನಗೆ ಗೊತ್ತು. ಕುರಿಹಿಂಡಿನ ಮುಂದೆ ನಡೆಯುತ್ತಿದ್ದ ಕೋಡಿನ ಹೋತ. ಅದು ಪಕ್ಕೀರಪ್ಪನನ್ನು ಗುದ್ದಿ ತಿಪ್ಪೆಗೆ ಕೆಡವಿತು ಅಂತ ಊರಿಗೆಲ್ಲ ಗೊತ್ತು, ಯಾಕೆಂದರೆ ಊರಿಗೆಲ್ಲ ಹೇಳಿದವನು ನಾನು. ಪಾಪ, ಅವನು ಆ ದಿನ ಕೊಟ್ಟೂರಿಗೆ ಹೋಗಿದ್ದ. ವಾಪಸ್ ಬಂದಾಗ ಜನ ಯಾಕೆ ನಗುತ್ತಾರೆ ಅಂತಲೇ ಅವನಿಗೆ ತಿಳಿಯಲಿಲ್ಲ, ಇಲ್ಲ ಅಂದಷ್ಟೂ ಜನ ಹೌದೆಂದರು. ಸುಳ್ಳು ಸುದ್ದಿ ಹಬ್ಬಿಸಲು ನಮಗೆ ಇಂಟರ್‌ನೆಟ್ ಬೇಕಾಗಿರಲಿಲ್ಲ.

ತಿಪ್ಪೇಶ ಆ ಕಡೆಯಿಂದ ಅಳುವ ದನಿಯಲ್ಲಿ, ‘ನಿಮ್ಮನ್ನ್ರೀ ಮಾವಾರೆ! ಬಿಳೇ ಧೋತ್ರ ಉಟ್ಟಾಗ! ಗೀತಾನ ಹೇಳ್ಯಾಳ. ಲಗೂ ಬರ್ರಿ!’ ಅಂದ.

ಅಂಗಡಿಯವರೆಲ್ಲ ನನ್ನ ಕಡೆ ತಿರುಗಿದರು. ನಾನು ‘ಉತ್ತರ ತಪ್ಪು’ ಅಂದು ಕಟ್ ಮಾಡಿದೆ.

ಹಂಪಕ್ಕ ಎದ್ದು ನಿಂತಳು. ‘ಲೇ ಜಂಬ್ಯಾ, ಪಕ್ಕೀರಪ್ಪ ಬಿದ್ದ ಅಂತ ಊರಿಗೆ ಗೊತ್ತೈತಿ. ನೀ ಬಿದ್ದಿ ಅಂತ ಮನಿಗೆ ಗೊತ್ತೈತಿ. ಯಂತ್ರ ಊರಿನ ಮಾತು ಹೇಳ್ತಿತ್ತು. ಅಂವ ಮನೀ ಮಾತು ಹೇಳ್ಯಾನ. ಅಂವ ನಮ್ಮ ಅಳಿಯಾನ ಅದಾನ, ಏಳೋ!’ ಅಂದಳು.

ಮಗಳೇ, ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಗೆ ಬಂದೆ. ಪಕ್ಕೀರಪ್ಪ ಒಲೆ ಆರಿಸಿ ಬೈಕ್ ತೆಗೆದ. ಹರಪನಹಳ್ಳಿ ಮುಟ್ಟುವ ತನಕ ಅವನೇ ಓಡಿಸಿದ. ದಾರಿಯುದ್ದಕ್ಕೂ ನಾನು ಮೈಲಾರಲಿಂಗನ ಹೆಸರು ಜಪಿಸುತ್ತಿದ್ದೆ ಅಂತ ಅವನು ಹೇಳಿದರೆ ನಂಬಬೇಡ. ಬೈಕು ಹಳೆಯದು, ಹಿಂದೆ ಕೂತವರು ಯಾರಾದರೂ ಜಪಿಸುತ್ತಾರೆ. ದಾರಿಯಲ್ಲಿ ಒಂದೇ ಸಲ ಬಾಯಿ ಬಿಟ್ಟ: ‘ಹುಡುಗಿ ಒಂದು ಆರಾಮ ಆಗ್ಲಿ ಜಂಬಣ್ಣ, ಬೇಕಾದ್ರ ಹೋತ ನನ್ನನ್ನ ಕೆಡವಿತ್ತು ಅಂತನ ಇರ್ಲಿ.’ ನಾನು ಅವನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡೆ.

ಆಸ್ಪತ್ರೆಯಲ್ಲಿ ನಿಮ್ಮವ್ವ ನನ್ನ ಮುಖ ನೋಡಲಿಲ್ಲ. ಸೂಜಿ ಚುಚ್ಚಿಸಿಕೊಂಡು, ರಕ್ತ ಕೊಟ್ಟು, ಬಾಗಿಲ ಹೊರಗೆ ಕೂತೆ. ಸಿಂಹದ ಹಾಗೆ ಕೂತಿದ್ದೆ ಅಂತ ಬರೆಯಬೇಕು ಅಂದುಕೊಂಡಿದ್ದೆ, ಆದರೆ ಅಲ್ಲಿ ಕಸ ಗುಡಿಸುವ ಅಮ್ಮ ಬಂದು ‘ಯಾಕಪ್ಪ ಅಳ್ತಿ, ದೇವರದಾನ’ ಅಂದು ಹೋದಳು. ಫ್ಯಾನಿನ ಧೂಳು ಕಣ್ಣಿಗೆ ಬಿದ್ದಿತ್ತು.

ಆಮೇಲೆ ಒಳಗಿನಿಂದ ಕೂಸಿನ ಕೂಗು ಕೇಳಿತು. ಮೂರನೇ ಸಲ ಕರೆಯುವ ತನಕ ಕಾಯಬೇಕು ಅಂತ ಕಾನೂನು ಮಾಡಿದವನು ನಾನು. ಒಂದೇ ಕೂಗಿಗೆ ಎದ್ದು ನಿಂತು ‘ಓ’ ಅಂದುಬಿಟ್ಟೆ. ನಿಮ್ಮವ್ವ ಆಗ ನಕ್ಕಳು ನೋಡು.

ಈಗ ನಿನ್ನ ಮೈಯಲ್ಲಿ ಹರಿಯುತ್ತಿರುವುದು ನನ್ನ ರಕ್ತ. ಹಾಗಾಗಿ ಇನ್ನು ಮೇಲೆ ಹುಷಾರಿ ಹೆಚ್ಚಾಗುತ್ತದೆ, ಮಾತೂ ಸ್ವಲ್ಪ ಹೆಚ್ಚಾಗಬಹುದು. ಸಜ್ಜೆ ರೊಟ್ಟಿ ಬೇಡ ಅಂದಿದ್ದಾರಂತೆ, ಅನ್ನ ಮೆತ್ತಗೆ ಮಾಡಿ ಕಳಿಸಿದ್ದೇವೆ. ಬಿಸಿ ಇದ್ದಾಗಲೇ ಉಣ್ಣು, ಕಾಗದ ಆಮೇಲೆ ಓದು.

ಊರಿನ ಕಣ್ಣಲ್ಲಿ ಮರ್ಯಾದೆ ಕಳಕೊಂಡರೂ ಮೀಸೆ ಇಳಿಸದ
ನಿನ್ನ ಮಾವ
ಜಂಬುನಾಥ

ತಾ.ಕ.: ಮಡಚಿ ಬುತ್ತಿಯಲ್ಲಿ ಇಟ್ಟಿದ್ದೆ, ಮನಸ್ಸು ತಡೆಯದೆ ಮತ್ತೆ ತೆಗೆದೆ. ನನ್ನ ರಕ್ತ ನಿನಗೆ ಏರಿಸಿಲ್ಲ. ನಾನು ಮುಟ್ಟುವ ಮೊದಲೇ ದಾವಣಗೆರೆಯಿಂದ ರಕ್ತದ ಚೀಲ ಬಂದಿತ್ತಂತೆ. ನರ್ಸಮ್ಮ ‘ನಿಮ್ದು ಫ್ರಿಜ್ಜಿನ್ಯಾಗ ಐತ್ರಿ ಯಜಮಾನ್ರ, ಮತ್ಯಾರಿಗರ ಆಕ್ಕೈತಿ’ ಅಂದಳು. ತಿಪ್ಪೇಶನಿಗೂ ಇದು ಗೊತ್ತು, ಮಾವನ ಮಾನ ಹೋಗದಿರಲಿ ಅಂತ ನಿನಗೆ ಹೇಳಿಲ್ಲ. ಕೇಳಿದಾಗ ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ. ನಾನು ಮೂರು ಸಲ ಫೋನ್ ಕಟ್ ಮಾಡಿದ್ದರಿಂದ ನಿನಗೆ ಏನೂ ಆಗಲಿಲ್ಲ ಅಂತ ತಿಳಿದು, ಆವತ್ತಿನಿಂದ ಇವತ್ತಿನವರೆಗೂ ಚೆನ್ನಾಗಿ ನಿದ್ದೆ ಬರುತ್ತಿದೆ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ, ಮೊದಲನೇ ಸಲಕ್ಕೇ ಎತ್ತು. ನಾನೇ ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಹೋತದ ಪ್ರಶ್ನೆ ಕೇಳು. ಖರೇ ಉತ್ತರ ಹೇಳುತ್ತೇನೆ. ಸ್ಪೀಕರ್ ಮಾತ್ರ ಹಾಕಬೇಡ.